ಹಳೆಯ ಜಿಪ್ಸಿ ಏರಿನಲ್ಲಿ ನಿಂತರೆ

ದೇವರಾಯನದುರ್ಗದ ಏರಿನಲ್ಲಿ ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಮಾರುತಿ ಜಿಪ್ಸಿ ಜಗ್ಗಿ ಜಗ್ಗಿ ನಿಂತರೆ ತಕ್ಷಣ ಕಾರ್ಬ್ಯುರೇಟರ್ ಬಿಚ್ಚಬೇಡಿ. ಎಂಜಿನ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ಸಡಿಲಿಸಿ. ಬೀಡಿ, ಬೆಂಕಿ ಹತ್ತಿರ ಬೇಡವೇ ಬೇಡ. 'ಸುಸ್' ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಇಲ್ಲದಿದ್ದರೆ ಪೆಟ್ರೋಲ್ ಫಿಲ್ಟರ್ ನೋಡಿ.

ಐಡಲಿಂಗ್‌ನಲ್ಲೇ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ) ತೊಂದರೆ ಇದ್ದರೆ ಬೇರೆ ಕಥೆ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಎಳೆದರೆ ಮಾತ್ರ ನಿಲ್ಲದೆ ಓಡುತ್ತದಾ? ಆಗ ಪೆಟ್ರೋಲ್ ಬಿಡುವ ಸಣ್ಣ ತೂತಾದ ಐಡಲ್ ಜೆಟ್‌ನಲ್ಲಿ ಕಸ ಇರಬಹುದು, ಇಲ್ಲವೇ ಎಲ್ಲೋ ಗಾಳಿ ಜಾಸ್ತಿ ನುಗ್ಗುತ್ತಿದೆ. ನಾನಾದರೆ ಮೊದಲು ವ್ಯಾಕ್ಯೂಮ್ ಪೈಪ್ (ಎಂಜಿನ್ ಗಾಳಿ ಎಳೆಯುವ ಕಡೆಗೆ ಸೇರಿಸಿರುವ ಸಣ್ಣ ರಬ್ಬರ್ ಪೈಪ್) ನೋಡುತ್ತೇನೆ. ತುದಿಯನ್ನು ಬೆರಳಲ್ಲಿ ಬಗ್ಗಿಸಿ. ಸುಮ್ನೆ ನೋಡಿದರೆ ಕಾಣದ ಬಿರುಕು ಆಗ ಬಾಯಿ ಬಿಡುತ್ತದೆ. ಉದ್ದ ಸಾಲುವಂತಿದ್ದರೆ ಆ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿ, ತುಮಕೂರು ತನಕ ಬರಬಹುದು. ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ಹೊಸದನ್ನೇ ಹಾಕಿಸಿ.