ಪುಟಾಣಿ ರಸ್ತೆಗೆ ಮಳೆ ತರಿಸುವುದು

ಮೈಸೂರಿನ ದೇವರಾಜ ಮಾರುಕಟ್ಟೆ ಪಕ್ಕದ ರಸ್ತೆಯನ್ನು 1:35 ಅಳತೆಯ (ನಿಜದ 35ರಲ್ಲಿ ಒಂದು ಪಾಲು) ಮಾದರಿಯಾಗಿ ಮಾಡಿ, ಮಳೆಯಲ್ಲಿ ನೆಂದಂತೆ ಕಾಣಲಿ ಎಂದು ಇಡೀ ರಸ್ತೆಗೆ ಹೊಳಪಿನ ವಾರ್ನಿಶ್ ಬಳಿದಿದ್ದೆ. ಎಣ್ಣೆ ಚೆಲ್ಲಿದ ಹಾಗೆ ಕಂಡಿತು! ನೆಲ ನೆಂದರೆ ಬರೀ ಹೊಳೆಯುವುದಿಲ್ಲ, ಬಣ್ಣವೂ ಗಾಢವಾಗುತ್ತದೆ. ಅದಕ್ಕೇ ಈಗ ಮೊದಲು ತೆಳುವಾದ ಕಪ್ಪು-ಕಂದು ವಾಶ್ (ನೀರಾಗಿಸಿದ ಬಣ್ಣ) ಕೊಡುತ್ತೇನೆ. ಒಣಗಿದ ಮೇಲೆ ನೀರು ಹರಿಯುವ ಕಡೆ ಮಾತ್ರ ಹೊಳಪು. ಹೂವಿನಂಗಡಿ ಸೂರಿನ ಕೆಳಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್. ಅಲ್ಲಿ ನೆಲ ಒಣಗಿರುತ್ತದೆ, ಅಲ್ವಾ?

ನೀರು ನಿಂತ ಗುಂಡಿಗಳಿಗೆ ಎಪಾಕ್ಸಿ ರೆಸಿನ್, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ. ಕೆಸರು ನೀರಿಗೆ ಕಂದು ಬಣ್ಣ ಒಂದೇ ಹನಿ, ಜಾಸ್ತಿ ಬೇಡ. 2 ಮಿ.ಮೀ. ಪದರ ಗಟ್ಟಿಯಾದ ಮೇಲೆ ಇನ್ನೊಂದು ಹಾಕಿ. ಗುಳ್ಳೆಗಳನ್ನು ಸೂಜಿಯಿಂದ ಒಡೆಯಿರಿ. ಕೈಗವಸು ಮರೆಯಬೇಡಿ. ಜುಲೈ ತೇವದಲ್ಲಿ ನನ್ನ ರೆಸಿನ್ ಒಮ್ಮೆ ಮಂಕಾಗಿತ್ತು. ಈಗ ಡಬ್ಬ ಮುಚ್ಚಿಡುತ್ತೇನೆ.

ಬೀಳುವ ಹನಿ ಮಾಡಲು ಸುಮ್ನೆ ಒದ್ದಾಡಬೇಡಿ. 2 ಮಿ.ಮೀ. ಹನಿ ಈ ಅಳತೆಯಲ್ಲಿ 0.06 ಮಿ.ಮೀ. ಕೂಡ ಇರುವುದಿಲ್ಲ.