ಗಾಯದ ಕಲೆಗೆ ಡಿಸೆಬಿಲಿಟಿ ಪೆನ್ಷನ್ ಇಲ್ಲ ಅಂದ್ರೆ ಅಪೀಲ್ ಹಾಕೋದು ಹೇಗೆ

ಹಾಸನ, ಚಿಕ್ಕಮಗಳೂರು ಕಡೆ ಮಿಲಿಟರಿಯಿಂದ ಬಂದವರ ಎಷ್ಟೋ ಮನೆಗಳ ಬೀರುವಲ್ಲಿ ರೆಕಾರ್ಡ್ ಆಫೀಸಿಂದ, ಅಂದ್ರೆ ಸೈನಿಕರ ಸರ್ವೀಸ್ ದಾಖಲೆ ಇಡೋ ಆಫೀಸಿಂದ, ಬಂದ ಒಂದು ಕವರ್ ಇರತ್ತೆ, ಒಳಗೆ ಡಿಸೆಬಿಲಿಟಿ ಕ್ಲೇಮ್ ರಿಜೆಕ್ಟ್ ಆಗಿದೆ ಅಂತ ಇಂಗ್ಲಿಷಲ್ಲಿ ನಾಲ್ಕು ಸಾಲು. ಸುಟ್ಟ ಗಾಯ, ಸ್ಪ್ಲಿಂಟರ್ ಗಾಯ, ಆಪರೇಷನ್ ಹೊಲಿಗೆ ಇರೋರಿಗಂತೂ ಗಾಯ ವಾಸಿ ಆಗಿದೆಯಲ್ಲ, ಬರೀ ಕಲೆ ತಾನೇ ಅಂತ ಊರವರೂ ಹೇಳ್ತಾರೆ, ಕೊನೆಗೆ ಇವರೂ ಅದನ್ನೇ ನಂಬಿ ಸುಮ್ಮನಾಗ್ತಾರೆ. ದಯವಿಟ್ಟು ಸುಮ್ಮನಾಗ್ಬೇಡಿ. ಲೆಟರ್ ಬಂದ 6 ತಿಂಗಳ ಒಳಗೆ ಫಸ್ಟ್ ಅಪೀಲ್ ಹಾಕೋ ಹಕ್ಕು ನಿಮಗಿದೆ.

ಮೊದಲು ಆ ಲೆಟರ್‌ನ ಸರಿಯಾಗಿ ಓದಿಸಿ. ಹೆಚ್ಚಾಗಿ ಎರಡು ಕಾರಣದಲ್ಲಿ ಒಂದು ಇರತ್ತೆ. ಒಂದು, ಎನ್‌ಎಎನ್‌ಎ, ಅಂದ್ರೆ ಈ ತೊಂದರೆ ಸರ್ವೀಸಿಂದ ಬಂದಿದ್ದೂ ಅಲ್ಲ, ಸರ್ವೀಸಿಂದ ಜಾಸ್ತಿ ಆಗಿದ್ದೂ ಅಲ್ಲ ಅಂತ. ಇನ್ನೊಂದು, ಸರ್ವೀಸಿಂದಲೇ ಬಂದಿದ್ದು ಹೌದು, ಆದ್ರೆ ಡಿಸೆಬಿಲಿಟಿ ಪರ್ಸೆಂಟೇಜ್ 20ಕ್ಕಿಂತ ಕಮ್ಮಿ. ಇವೆರಡಕ್ಕೂ ಉತ್ತರ ಬೇರೆ ಬೇರೆ, ಪರ್ಸೆಂಟ್ ಕಮ್ಮಿ ಅಂದವರಿಗೆ ಡ್ಯೂಟಿ ಮೇಲೇ ಗಾಯ ಆಯ್ತು ಅಂತ ಹತ್ತು ಪೇಜ್ ಬರೆದು ಕಳಿಸಿದ್ರೆ ಅದರಿಂದ ಏನೂ ಆಗಲ್ಲ.

ಆಮೇಲೆ ಪೇಪರ್. ಮೆಡಿಕಲ್ ಬೋರ್ಡ್ (ನಿಮ್ಮನ್ನ ಪರೀಕ್ಷೆ ಮಾಡಿದ ಸೈನ್ಯದ ಡಾಕ್ಟರ್‌ಗಳ ತಂಡ) ಪ್ರೊಸೀಡಿಂಗ್ಸ್, ಅದು ಎಎಫ್‌ಎಂಎಸ್‌ಎಫ್-16 ಅನ್ನೋ ಫಾರಂ, ಇಂಜುರಿ ರಿಪೋರ್ಟ್ ಐಎಎಫ್‌ವೈ-2006, ಕೋರ್ಟ್ ಆಫ್ ಎನ್‌ಕ್ವೈರಿ, ಅಂದ್ರೆ ಸೈನ್ಯದ ಒಳಗಿನ ವಿಚಾರಣೆ, ಆಗಿದ್ರೆ ಅದರ ಕಾಪಿ, ಮಿಲಿಟರಿ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಇಷ್ಟೂ ಬೇಕು. ನಿಮ್ಮ ಹತ್ರ ಇಲ್ಲದಿದ್ರೆ ನಿಮ್ಮ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದ್ರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರೆ ಬೆಳಗಾವಿ, ಹೀಗೆ. ಫೀ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡ್ಬೇಕು. ಇಂಗ್ಲಿಷಲ್ಲಿ ಬರೆಯೋದು ಕಷ್ಟ ಅಂದ್ರೆ ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಆಫೀಸಿಗೆ ಡಿಸ್ಚಾರ್ಜ್ ಬುಕ್ ಹಿಡ್ಕೊಂಡು ಹೋಗಿ ಕೇಳಿ. ಪೇಪರ್ ಬರೋಕೆ ತಡ ಆದ್ರೂ 6 ತಿಂಗಳ ಲೆಕ್ಕ ನಿಲ್ಲಲ್ಲ ಅಂತ ಇಟ್ಕೊಳ್ಳಿ, ಅಪೀಲ್ ಮೊದಲು ಹಾಕ್ಬಿಡಿ, ಪೇಪರ್ ಆಮೇಲೆ ಸೇರಿಸ್ತೀನಿ ಅಂತ ಅದರಲ್ಲೇ ಬರೀರಿ.

ಈಗ ಕಲೆ ವಿಚಾರ. ಇಲ್ಲೇ ಜಾಸ್ತಿ ಜನ ಎಡವೋದು, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಬೋರ್ಡ್ ಫಾರಮಲ್ಲಿ "ಹೀಲ್ಡ್ ಸ್ಕಾರ್" (ವಾಸಿಯಾದ ಗಾಯದ ಕಲೆ) ಅಂತ ಎರಡೇ ಪದ ಬರೆದಿದ್ರೆ ಓದೋರಿಗೆ ಏನೂ ಗೊತ್ತಾಗಲ್ಲ. ಮೊಣಕೈ ಒಳಮಡಿಕೆಯಲ್ಲಿ ಸುಟ್ಟ ಕಲೆ ಇದೆ ಅಂದ್ಕೊಳ್ಳಿ, ಚರ್ಮ ಬಿಗಿದು ಹಗ್ಗದ ಥರ ಎದ್ದು ನಿಂತಿದೆ, ಕೈ ಪೂರ್ತಿ ನೀಟೋಕೆ ಆಗಲ್ಲ, ಕಾಫಿ ಗಿಡದ ಮೇಲಿನ ರೆಂಬೆ ಬಗ್ಗಿಸೋಕೆ ಹೋದ್ರೆ ಅಲ್ಲೇ ಬಿರುಕು ಬಿಟ್ಟು ರಕ್ತ ಜಿನುಗತ್ತೆ, ಸಕಲೇಶಪುರದ ಮಳೆಗಾಲದಲ್ಲಿ ತುರಿಕೆಗೆ ರಾತ್ರಿ ನಿದ್ದೆ ಇಲ್ಲ. ಇದಿಷ್ಟೂ ಡಾಕ್ಟರ್ ಕೈಯಲ್ಲಿ ದಾಖಲೆ ಆಗ್ಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಮೂಲಕ ಆಗ್ಲಿ, ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಆಗ್ಲಿ ಸರ್ಜನ್‌ಗೆ ತೋರಿಸಿ, ಕಲೆ ಎಷ್ಟು ಸೆಂಟಿಮೀಟರ್ ಉದ್ದ ಅಗಲ, ಕೀಲು ಎಷ್ಟು ಡಿಗ್ರಿ ಮಡಚತ್ತೆ ಎಷ್ಟು ನೀಟತ್ತೆ, ಮುಟ್ಟಿದ್ರೆ ನೋವಾ ಮರಗಟ್ಟಿದೆಯಾ, ಒಳಗೆ ನರ ಅಥವಾ ಸ್ನಾಯುಗೆ ಪೆಟ್ಟಾಗಿದೆಯಾ ಅಂತ ಅಳತೆ ಸಮೇತ ಬರೆಸ್ಕೊಳ್ಳಿ. ನರದ ತೊಂದರೆ ಬೇರೆಯಾಗಿ ಬರೆಸೋದು ಮುಖ್ಯ, ಯಾಕಂದ್ರೆ ಕಲೆ ಹೆಸರಿನ ಕೆಳಗೆ ಅದು ಮುಚ್ಚಿಹೋಗತ್ತೆ. ಫೋಟೋ ಹಗಲು ಬೆಳಕಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ, ಬಿರುಕು ಬಿಟ್ಟ ದಿನವೂ ಒಂದು ತೆಗೀರಿ. ನಮ್ಮವರು ಡಾಕ್ಟರ್ ಮುಂದೆ "ಏನಿಲ್ಲ ಸಾರ್, ಅಡ್ಜಸ್ಟ್ ಮಾಡ್ಕೊಂಡಿದೀನಿ" ಅಂತಾರಲ್ಲ, ಅದು ಸೈನ್ಯ ಕಲಿಸಿದ ಅಭ್ಯಾಸ, ಗೌರವದ ಅಭ್ಯಾಸವೇ, ಆದ್ರೆ ಬೋರ್ಡ್ ಮುಂದೆ ಮಾತ್ರ ಇದ್ದದ್ದನ್ನ ಇದ್ದ ಹಾಗೆ ಹೇಳಿ.

ಎನ್‌ಎಎನ್‌ಎ ಅಂದವರಿಗೆ ಒಂದು ಗಟ್ಟಿ ಆಧಾರ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಕೇಸಲ್ಲಿ ಹೇಳಿದ್ದು ಏನಂದ್ರೆ, ಸೇರೋವಾಗ ಮೆಡಿಕಲ್‌ನಲ್ಲಿ ಆ ತೊಂದರೆ ಬಗ್ಗೆ ಏನೂ ಬರೆದಿಲ್ಲ ಅಂದ್ರೆ ಆಗ ಆರೋಗ್ಯವಾಗಿದ್ದ ಅಂತಲೇ ತಗೋಬೇಕು, ಸರ್ವೀಸಿಗೆ ಸಂಬಂಧ ಇಲ್ಲ ಅಂತ ಸಾಬೀತು ಮಾಡೋ ಹೊಣೆ ಸೈನ್ಯದ್ದು, ಸೈನಿಕನ ಮೇಲೆ ಹೊಣೆ ಇಲ್ಲ, ಬೋರ್ಡ್ ಕಾರಣ ಬರೀಲೇಬೇಕು. ನಿಮ್ಮ ಬೋರ್ಡ್ ಕಾರಣ ಬರೀದೆ ಸುಮ್ನೆ ಎನ್‌ಎಎನ್‌ಎ ಅಂತ ಹಾಕಿದ್ರೆ ಅದನ್ನೇ ಅಪೀಲಲ್ಲಿ ಎತ್ತಿ ಹೇಳಿ. ಮೆಡಿಕಲ್ ಕಾರಣಕ್ಕೆ ಸರ್ವೀಸ್ ಮುಗಿಯೋ ಮುಂಚೆನೇ ಮನೆಗೆ ಕಳಿಸಿದ್ರೆ 2014ರ ಸುಖ್ವಿಂದರ್ ಸಿಂಗ್ ತೀರ್ಪು ಹೆಸರಿಸಿ, ಅಂಥವರ ಡಿಸೆಬಿಲಿಟಿ 20 ಪರ್ಸೆಂಟ್‌ಗಿಂತ ಮೇಲೆ ಅಂತಲೇ ತಗೋಬೇಕು ಅಂತ ಅದರಲ್ಲಿದೆ.

ಅಪೀಲ್ ರೆಕಾರ್ಡ್ ಆಫೀಸ್ ಮೂಲಕ ಹೋಗತ್ತೆ, ಸ್ಪೀಡ್ ಪೋಸ್ಟಲ್ಲೇ ಕಳಿಸಿ, ರಸೀದಿ ಜೋಪಾನ. ಎರಡು ಪೇಜ್ ಸಾಕು: ಆರ್ಮಿ ನಂಬರ್, ರಿಜೆಕ್ಷನ್ ಲೆಟರ್ ನಂಬರ್ ತಾರೀಕು, ಯಾವ ಮಾತು ತಪ್ಪು, ಯಾವ ಪೇಪರ್ ಅದನ್ನ ತೋರಿಸತ್ತೆ, ಹೊಸದಾಗಿ ಅಪೀಲ್ ಮೆಡಿಕಲ್ ಬೋರ್ಡ್ ಮಾಡಿ ಅನ್ನೋ ಬೇಡಿಕೆ. ಇಲ್ಲೂ ಆಗ್ಲಿಲ್ಲ ಅಂದ್ರೆ ಮತ್ತೆ 6 ತಿಂಗಳಲ್ಲಿ ಸೆಕೆಂಡ್ ಅಪೀಲ್.

ಅದೂ ಹೋದ್ರೆ ಸೈನಿಕರ ಕೇಸ್ ಕೇಳೋ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್, ಕರ್ನಾಟಕದವರಿಗೆ ಕೊಚ್ಚಿ ಬೆಂಚ್. ಅಪೀಲ್ ಹಾಕಿ 6 ತಿಂಗಳಾದ್ರೂ ಉತ್ತರವೇ ಇಲ್ಲ ಅಂದ್ರೂ ಅಲ್ಲಿಗೆ ಹೋಗ್ಬಹುದು. ವಕೀಲರ ಖರ್ಚಿನ ಭಯ ಇದ್ರೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಿ. ಲೆಟರ್ ಬಂದು ಹದಿನೈದು ವರ್ಷ ಆಯ್ತು ಅನ್ನೋರೂ ಕೈಬಿಡ್ಬೇಡಿ, ಪೆನ್ಷನ್ ತಪ್ಪೋದು ಪ್ರತಿ ತಿಂಗಳೂ ಹೊಸದಾಗಿ ಆಗೋ ಅನ್ಯಾಯ, ಹಾಗಾಗಿ ತಡ ಆಯ್ತು ಅನ್ನೋದೊಂದೇ ಕಾರಣಕ್ಕೆ ಬಾಗಿಲು ಹಾಕಲ್ಲ, ಆದ್ರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಹಿಂಬಾಕಿ ಸಾಮಾನ್ಯವಾಗಿ ಕೇಸ್ ಹಾಕೋಕೆ ಮುಂಚಿನ 3 ವರ್ಷದ್ದು ಮಾತ್ರ ಸಿಗೋದು. ತಡ ಮಾಡಿದಷ್ಟೂ ನಿಮ್ಮ ದುಡ್ಡೇ ಹೋಗೋದು.

ದುಡ್ಡಿನ ಲೆಕ್ಕನೂ ನೋಡಿ. 100 ಪರ್ಸೆಂಟ್ ಡಿಸೆಬಿಲಿಟಿಗೆ ಕೊನೆ ಸಂಬಳದ ಶೇ 30, ಕಮ್ಮಿ ಇದ್ರೆ ಅದೇ ಪ್ರಮಾಣದಲ್ಲಿ. 40,000 ಸಂಬಳ ಇದ್ದವರಿಗೆ 20 ಪರ್ಸೆಂಟ್ ಅಂದ್ರೆ ತಿಂಗಳಿಗೆ 2,400. ಆದ್ರೆ 20ರಿಂದ 49ರವರೆಗೆ ಇದ್ದದ್ದನ್ನ 50 ಅಂತ ರೌಂಡ್ ಮಾಡ್ತಾರೆ, ಆಗ 6,000. ಪೂರ್ತಿ ಸರ್ವೀಸ್ ಮುಗಿಸಿ ಬಂದವರಿಗೂ ಈ ರೌಂಡಿಂಗ್ ಉಂಟು ಅಂತ 2014ರ ಡಿಸೆಂಬರಲ್ಲಿ ರಾಮ್ ಅವತಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಳೆ ಪಿಪಿಓ (ಪೆನ್ಷನ್ ಆರ್ಡರ್) ತೆಗೆದು ಅದರಲ್ಲಿ 20 ಅಂತಿದೆಯಾ 50 ಅಂತಿದೆಯಾ ಇವತ್ತೇ ನೋಡಿ. 2023 ಸೆಪ್ಟೆಂಬರ್ 21ರ ಆಮೇಲೆ ಸರ್ವೀಸ್ ಬಿಟ್ಟವರಿಗೆ ಹೊಸ ರೂಲ್ಸ್ ಬೇರೆ ಇದೆ, ಅವರು ಈ ಲೆಕ್ಕ ಹಿಡೀದೆ ಹೊಸ ರೂಲ್ಸ್ ಕಾಪಿ ಇಟ್ಕೊಂಡೇ ಅಪೀಲ್ ಬರೀಬೇಕು.