ಟೇಪು ಹಿಡಿದು ರಸ್ತೆ ಅಳೆದ ಬೆಳಗು

ನಮ್ಮ ಅಡ್ಡರಸ್ತೆಯ ಮೂಲೆ ನಿವೇಶನದಲ್ಲಿ ಏಳುತ್ತಿರುವುದು ಬಾಡಿಗೆ ಮನೆಗಳೆಂದೇ ಎಲ್ಲರೂ ತಿಳಿದಿದ್ದೆವು. ನೆಲಮಹಡಿಗೆ ಗೋಡೆಯ ಬದಲು ಉದ್ದುದ್ದ ಶಟರ್‌ಗಳು ಬಂದಾಗ ಅನುಮಾನವಾಯಿತು. ಕೇಳಿದ್ದಕ್ಕೆ ಮೇಸ್ತ್ರಿ, "ದೊಡ್ಡ ಕಂಪನಿಯ ಸೂಪರ್ ಮಾರ್ಕೆಟ್ ಬರುತ್ತದಂತೆ ಅಮ್ಮಾ" ಎಂದ. ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆ ನಮ್ಮದು. ಆ ಶಟರ್‌ಗಳಿಗೂ ನನ್ನ ಮಲಗುವ ಕೋಣೆಯ ಕಿಟಕಿಗೂ ನಡುವೆ ಇರುವುದು ಒಂದು ಹೊಂಗೆ ಮರ ಮಾತ್ರ.

ಮೊದಲ ಸಭೆ ನಮ್ಮ ಮನೆಯ ಹಜಾರದಲ್ಲೇ ನಡೆಯಿತು. ಶೆಟ್ಟರ ದಿನಸಿ ಅಂಗಡಿ ಮುಚ್ಚಿಹೋಗುತ್ತದೆ ಎಂದರು ಒಬ್ಬರು. ಕಂಡಕಂಡವರೆಲ್ಲ ಬಡಾವಣೆಗೆ ನುಗ್ಗುತ್ತಾರೆ ಎಂದರು ಇನ್ನೊಬ್ಬರು. ಆ ಮಾತು ನನಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಅಜ್ಜಿ, "ಈ ಮಂಡಿನೋವಿನಲ್ಲಿ ನಾನು ಬಸ್ ಹತ್ತಿ ಹೋಗಿ ಬೇಳೆ ತರುತ್ತಿದ್ದೇನೆ. ಅಂಗಡಿ ಹತ್ತಿರ ಬಂದರೆ ನಿಮಗೇನು ಕಷ್ಟ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದು. ಅಂಗಡಿ ಬೇಕೋ ಬೇಡವೋ ಎಂಬ ವಾದಕ್ಕೆ ಇಳಿದರೆ ನಾವು ನಾವೇ ಎರಡು ಪಾಲಾಗುತ್ತೇವೆ, ಅದನ್ನು ಬಿಟ್ಟು ಈ ರಸ್ತೆ ಅಷ್ಟು ಭಾರ ತಡೆದೀತೇ ಎಂಬುದೊಂದನ್ನೇ ಹಿಡಿಯೋಣ ಎಂದೆ.

ಆ ಭಾನುವಾರ ಬೆಳಗ್ಗೆ ಐದೂವರೆಗೆ, ಕಾರುಗಳು ಕದಲುವ ಮುನ್ನ, ಅಳತೆಗೆ ಇಳಿದೆವು. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ನೆರೆಯವರೊಬ್ಬರು ತಮ್ಮ ಹಳೆಯ ಟೇಪು ತಂದಿದ್ದರು. ರಸ್ತೆಯ ಅಗಲವೆಂದರೆ ಬರೀ ಟಾರು ಬಿದ್ದ ಜಾಗವಲ್ಲ, ಮೋರಿಯೂ ಸೇರಿ ಈ ಕಡೆಯ ಆಸ್ತಿಯ ಎಲ್ಲೆಯಿಂದ ಆ ಕಡೆಯ ಎಲ್ಲೆಯವರೆಗೆ ಎಂದು ಅವರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಐದು ಕಡೆ ಸೀಮೆಸುಣ್ಣದ ಗೆರೆ ಎಳೆದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದೆವು. ಎಲ್ಲಿಯೂ 30 ಅಡಿ ಮೀರಲಿಲ್ಲ. ಟ್ರಾನ್ಸ್‌ಫಾರ್ಮರ್ ಚಾಚಿಕೊಂಡಿರುವ ಕಡೆ ಓಡಾಟಕ್ಕೆ ಸಿಗುವುದು 21 ಅಡಿ, ಅದರಲ್ಲೂ ಒಂದು ಬದಿಗೆ ಸಾಲು ಕಾರುಗಳು.

ನಮ್ಮ ಭಾಗದ ವಸತಿ ವಲಯದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಗೆ ಇಂಥ ದೊಡ್ಡ ವಾಣಿಜ್ಯ ಮಳಿಗೆ ಬರುವಂತಿಲ್ಲ. ಹೀಗಾಗಿ ನಮ್ಮ ಅರ್ಧ ಕೆಲಸ ಟೇಪೇ ಮಾಡಿಕೊಟ್ಟಿತು.

ಉಳಿದರ್ಧಕ್ಕೆ ಮಂಜೂರಾದ ನಕ್ಷೆ ಬೇಕಿತ್ತು. ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ನಾನು ಬರೆದ ಮೊದಲ ಅರ್ಜಿ ತಿರಸ್ಕೃತವಾಯಿತು. ತಪ್ಪು ನನ್ನದೇ. ನಕ್ಷೆ, ಪರವಾನಗಿ, ತೆರಿಗೆ, ಒಳಚರಂಡಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದ್ದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದೂ 150 ಪದಗಳೊಳಗೆ. ಎರಡನೆಯ ಬಾರಿ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿಯನ್ನು ಮಾತ್ರ ಕೇಳಿದೆ. 30 ದಿನ ತುಂಬುವುದರೊಳಗೆ ಬಂತು. ಊಟದ ಮೇಜಿನ ಮೇಲೆ ಹರಡಿ ನೋಡಿದರೆ ಶಟರ್ ಇರುವ ಜಾಗದಲ್ಲಿ ನಕ್ಷೆ ತೋರಿಸುತ್ತಿದ್ದುದು ಸ್ಟಿಲ್ಟ್, ಅಂದರೆ ಗೋಡೆಯಿಲ್ಲದೆ ಬರೀ ಕಂಬಗಳಿರುವ ನೆಲಮಹಡಿ, ಎಂಟು ಕಾರು ನಿಲ್ಲುವ ಜಾಗ. ಮೇಲಿನದೆಲ್ಲ ವಾಸದ ಮನೆಗಳು.

ಆಕ್ಷೇಪಣೆ ಪತ್ರವನ್ನು ಎರಡು ಪುಟ ಮೀರದಂತೆ ಬರೆದೆವು. ಅಳತೆಯ ಫೋಟೊ, ನಕ್ಷೆಯ ಪ್ರತಿ, ಈಗಿನ ಶಟರ್‌ಗಳ ಚಿತ್ರ ಲಗತ್ತಿಸಿದೆವು. ನಗರದೊಳಗೆ ಸರಕು ಲಾರಿಗಳಿಗೆ ಹಗಲು ನಿರ್ಬಂಧವಿರುವುದರಿಂದ ಮಾಲು ಇಳಿಯುವುದು ಹೆಚ್ಚಾಗಿ ರಾತ್ರಿ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಶಬ್ದದ ಮಿತಿ 45 ಡೆಸಿಬಲ್ ಎಂಬುದನ್ನೂ ಸೇರಿಸಿದೆವು. ಶೆಟ್ಟರ ವಿಷಯ ಬರೆಯಲಿಲ್ಲ. ಅವರೇ ಬೇಡವೆಂದರು. ಪಾಲಿಕೆಯಲ್ಲಿ ನಕ್ಷೆ ನೋಡುವುದು ನಗರ ಯೋಜನೆಯವರು, ಉದ್ದಿಮೆ ಪರವಾನಗಿ ಕೊಡುವುದು ಆರೋಗ್ಯ ವಿಭಾಗದವರು. ಇಬ್ಬರಿಗೂ ಬೇರೆ ಬೇರೆ ಪ್ರತಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮೊಹರಿಲ್ಲದ ಅರ್ಜಿ ಕೊಟ್ಟೂ ಕೊಡದಂತೆ.

ಪಾಲಿಕೆಯವರು ಸ್ಥಳ ಪರಿಶೀಲನೆಗೆ ಬಂದ ದಿನ ನಾವು ಹದಿನೇಳು ಮನೆಯವರು ಗೇಟಿನ ಬಳಿ ನಿಂತಿದ್ದೆವು. ಘೋಷಣೆ ಕೂಗಲಿಲ್ಲ. ಎಂಜಿನಿಯರ್ ತಮ್ಮ ಟೇಪಿನಿಂದಲೇ ಅಳೆದರು, ಅಂಕಿ ನಮ್ಮದಕ್ಕೇ ಹೊಂದಿತು. ಕಟ್ಟಡದ ಮಾಲೀಕರು ನನ್ನತ್ತ ನೋಡದೆ ಹೊರಟುಹೋದರು. ಎರಡು ರಸ್ತೆ ಆಚೆಗಿನವರು ಅವರು, ಸಾಲ ಮಾಡಿ ಕಟ್ಟಿಸಿದವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ನಾನೇ ಅವರ ಮನೆಗೆ ಹೋಗಿ, ಮೇಲಿನ ಮನೆಗಳಿಗೆ ಬಾಡಿಗೆದಾರರನ್ನು ಹುಡುಕಲು ಸಂಘದಿಂದ ನೆರವಾಗುತ್ತೇವೆ ಎಂದೆ. ಅವರು ಕಾಫಿ ಕೊಟ್ಟರು, ಹೆಚ್ಚು ಮಾತಾಡಲಿಲ್ಲ.

ಪರವಾನಗಿ ಕೊಡಲಾಗದು ಎಂಬ ಹಿಂಬರಹ ಬಂದದ್ದು ನಾಲ್ಕು ತಿಂಗಳ ಮೇಲೆ. ಆ ಮಳಿಗೆ ಈಗ 80 ಅಡಿ ಅಗಲದ ಮುಖ್ಯರಸ್ತೆಯಲ್ಲಿದೆ. ಅಜ್ಜಿಯ ತಿಂಗಳ ಸಾಮಾನಿನ ಪಟ್ಟಿಯನ್ನು ನಾನೇ ತೆಗೆದುಕೊಂಡು ಹೋಗಿ ಅಲ್ಲಿಂದ ತಂದುಕೊಡುತ್ತೇನೆ. ಮೂಲೆ ಕಟ್ಟಡದ ಶಟರ್‌ಗಳನ್ನು ಕಳಚಿದ್ದಾರೆ. ಕಂಬಗಳ ನಡುವೆ ಕಾರುಗಳಿಗಾಗಿ ಬಿಳಿ ಗೆರೆ ಎಳೆದಿದ್ದಾರೆ, ಎಂಟು.